ಕವಲಂದೆಯಿಂದ ಕ್ರಾಕೋವ್‌ಗೆ: ಪೋಲೆಂಡ್ ಯಾಕೆ ಕರೀತಿದೆ?

ಹೋದ ತಿಂಗಳು ಕವಲಂದೆಗೆ ಹೋಗಿದ್ದೆ. ಡಿಗ್ರಿ ಮುಗಿಸಿರೋ ಚಿಕ್ಕಪ್ಪನ ಮಗ ಕೇಳಿದ: "ಅಣ್ಣ, ಮಾಸ್ಟರ್ಸ್ ಮಾಡೋಕೆ ಪೋಲೆಂಡ್‌ಗೆ ಹೋಗ್ಲಾ?" ಚಿಕ್ಕಪ್ಪ ಜಮೀನು ಅಡ ಇಟ್ಟು ಸಾಲ ತರೋ ಲೆಕ್ಕದಲ್ಲಿದ್ರು. ಚಿಕ್ಕಮ್ಮ ಮಾತ್ರ, "ಅದೆಲ್ಲಿದೆಯಪ್ಪಾ ಆ ಊರು?" ಅಂದ್ರು. ಇವತ್ತಿನ ಎಪಿಸೋಡ್ ಚಿಕ್ಕಮ್ಮನಿಗೆ ಉತ್ತರ.

ಪೋಲೆಂಡ್ ನಮಗೆ ತೀರಾ ಅಪರಿಚಿತ ದೇಶ ಅಲ್ಲ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿದ್ಯುತ್ ಕಾರ್ಖಾನೆ ನಡೆಸೋಕೆ ಬೆಂಗಳೂರಿಗೆ ಬಂದ ಇಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಪೋಲೆಂಡ್‌ನವರು. ಆಮೇಲೆ ಎರಡನೇ ಮಹಾಯುದ್ಧ. ಸೋವಿಯತ್ ಸರ್ಕಾರ ಸೈಬೀರಿಯಾ ಕಡೆಗೆ ಸಾಗಿಸಿದ್ದ ಪೋಲಿಷ್ ಕುಟುಂಬಗಳಲ್ಲಿ ಸುಮಾರು 5,000 ಜನ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ವಳಿವಡೆಯಲ್ಲಿದ್ರು. ಶಿಬಿರದಲ್ಲೇ ಶಾಲೆಗಳಿದ್ವು. ಅಂದ್ರೆ ಮೊದಲು ಅವರ ಮಕ್ಕಳು ನಮ್ಮ ನೆಲದಲ್ಲಿ ಓದಿದ್ರು.

ಆ ದೇಶಕ್ಕೆ ಓದಿನ ಹಸಿವು ಹಳೇದು. ಕ್ರಾಕೋವ್ ವಿಶ್ವವಿದ್ಯಾಲಯ ಶುರುವಾಗಿದ್ದು 1364ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ. ಕೋಪರ್ನಿಕಸ್ ಓದಿದ್ದು ಕ್ರಾಕೋವ್‌ನಲ್ಲೇ. ಆದ್ರೆ 18ನೇ ಶತಮಾನದ ಕೊನೆಗೆ ಅಕ್ಕಪಕ್ಕದ ಮೂರು ಸಾಮ್ರಾಜ್ಯಗಳು ದೇಶವನ್ನೇ ಹಂಚಿಕೊಂಡವು. ರಷ್ಯಾದ ಹಿಡಿತದಲ್ಲಿದ್ದ ವಾರ್ಸಾದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಅವರು ಮನೆಯಿಂದ ಮನೆಗೆ ಜಾಗ ಬದಲಿಸ್ತಾ ಗುಟ್ಟಾಗಿ ಪಾಠ ಕಲೀತಿದ್ರು. ಅವರಲ್ಲಿ ಮಾರಿಯಾ ಅನ್ನೋ ಹುಡುಗಿ ಅಕ್ಕ ಬ್ರೋನಿಯಾ ಜೊತೆ ಒಪ್ಪಂದ ಮಾಡಿಕೊಂಡ್ಲು: "ಮೊದಲು ನೀನು ಪ್ಯಾರಿಸ್‌ಗೆ ಹೋಗು, ನಾನು ದುಡಿದು ಕಳಿಸ್ತೀನಿ. ಆಮೇಲೆ ನನ್ನ ಸರದಿ." ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿ ದುಡ್ಡು ಕಳಿಸಿದ ಆ ತಂಗಿ 1891ರಲ್ಲಿ ತಾನೂ ಪ್ಯಾರಿಸ್ ರೈಲು ಹತ್ತಿದ್ಲು. ಆಕೆಯೇ ಎರಡು ನೊಬೆಲ್ ಗೆದ್ದ ಮೇರಿ ಕ್ಯೂರಿ.

ಓದೋಕೆ ಹೊರಗೆ ಹೋಗ್ತಿದ್ದವರ ದೇಶ ಹೊರಗಿನವರನ್ನ ಕರೆಯೋ ದೇಶ ಆಗಿದ್ದು ಹೇಗೆ? ಕಾಮರ್ಸ್ ಹುಡುಗನ ಉತ್ತರ: ಡಿಮ್ಯಾಂಡ್-ಸಪ್ಲೈ. 1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕುಸೀತು, ಖಾಸಗಿ ಕಾಲೇಜುಗಳು ಸಾಲುಸಾಲಾಗಿ ಎದ್ವು. ಆಮೇಲೆ ಜನನ ಪ್ರಮಾಣ ಇಳೀತು, ಸೀಟು ಖಾಲಿ ಬಿದ್ವು. 2004ರಲ್ಲಿ ಯುರೋಪಿಯನ್ ಯೂನಿಯನ್, 2007ರಲ್ಲಿ ಷೆಂಗೆನ್. ಇಂಗ್ಲಿಷ್ ಕೋರ್ಸ್, ಬ್ರಿಟನ್‌ಗಿಂತ ಕಡಿಮೆ ಫೀಸು, ಯುರೋಪಿನ ಡಿಗ್ರಿ. ನಮ್ಮ ಏಜೆಂಟರಿಗೆ ಇಷ್ಟು ಸಾಕಲ್ವಾ?

2022ರ ಯುದ್ಧದಲ್ಲಿ ಉಕ್ರೇನ್ ಬಿಟ್ಟು ಓಡಿದ ನಮ್ಮ ವಿದ್ಯಾರ್ಥಿಗಳನ್ನ ಪೋಲೆಂಡ್ ವೀಸಾ ಇಲ್ಲದೆ ಒಳಗೆ ಬಿಟ್ಕೊಂಡಿತು. ಆಪರೇಷನ್ ಗಂಗಾ ವಿಮಾನಗಳು ಅಲ್ಲಿನ ಝೆಶೂಫ್‌ನಿಂದಲೂ ಹಾರಿದವು. ಆದ್ರೆ 2023ರಲ್ಲಿ ಅದೇ ದೇಶದಲ್ಲಿ ವೀಸಾ ಲಂಚದ ಹಗರಣ ಸ್ಫೋಟಿಸಿ, ವಿದೇಶಾಂಗ ಖಾತೆಯ ಉಪಮಂತ್ರಿಯ ಕುರ್ಚಿ ಹೋಯ್ತು. ಆಮೇಲೆ ತಪಾಸಣೆ ಬಿಗಿಯಾಯ್ತು.

ಹಾಗಾದ್ರೆ ಹೋಗಬೇಕಾ? ತಮ್ಮನಿಗೆ ಮೂರು ವಿಷಯ ಹೇಳಿದೆ. ಪಾಠ ಯಾವ ಭಾಷೇಲಿ ಅಂತ ಕಾಲೇಜಿಗೇ ನೇರವಾಗಿ ಬರೆದು ಕೇಳು. ಆ ಡಿಗ್ರಿಗೆ ನಮ್ಮಲ್ಲಿ ಮಾನ್ಯತೆ ಇದೆಯಾ ನೋಡು. ಫೀಸನ್ನ ಯೂರೋದಲ್ಲಿ ಹೇಳ್ತಾರೆ, ಆದ್ರೆ ಅಲ್ಲಿ ದಿನಾ ಖರ್ಚಾಗೋದು ಝ್ಲೋಟಿ. ಎರಡನ್ನೂ ರೂಪಾಯಿಗೆ ಇಳಿಸಿ, ಪಾರ್ಟ್ ಟೈಮ್ ಕೆಲಸ ಸಿಗಲ್ಲ ಅಂದುಕೊಂಡೇ ಲೆಕ್ಕ ಹಾಕು.

ನಾಲ್ಕನೇದನ್ನ ಚಿಕ್ಕಪ್ಪನಿಗೆ ಹೇಳಿದೆ. ಮನೇಲಿ ಮಗಳು ಎರಡನೇ ಪಿಯುಸಿ. ಇರೋ ಜಮೀನೆಲ್ಲ ಅಣ್ಣನ ಸಾಲಕ್ಕೆ ಹೋದ್ರೆ ಅವಳ ಸರದಿ ಯಾವಾಗ? ಆ ಅಕ್ಕತಂಗಿಯರ ಒಪ್ಪಂದದಲ್ಲಿ ಇಬ್ಬರ ಸರದಿಯೂ ಇತ್ತು. ನಮ್ಮನೇಲೂ ಅದು ಮೊದಲು ಬಾಯಿಬಿಟ್ಟು ಮಾತಾಡಬೇಕಾದ ವಿಷಯ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಬಾಗಿಲ ಹತ್ರ ನಿಂತಿದ್ದ ತಂಗಿ ಮಾತ್ರ ಕೇಳಿದ್ಲು: "ಅಣ್ಣ, ಆ ತಂಗಿ ಎಷ್ಟು ವರ್ಷ ಕಾದ್ಲು?"

ಆರು ವರ್ಷ.