ಪುಟದ ಶ್ರುತಿ: ಸಂಗೀತ ಪತ್ರಿಕೆಗಳ ವಿನ್ಯಾಸ ನಡೆದುಬಂದ ದಾರಿ

ಕರ್ನಾಟಕ ಸಂಗೀತದ ಯಾವುದಾದರೊಂದು ಸ್ವರಲಿಪಿ ಪುಸ್ತಕವನ್ನು ತೆರೆದು ನೋಡಿ. ಸ್ವರದ ಮೇಲೆ ಚುಕ್ಕಿ ಇದ್ದರೆ ಅದು ತಾರಸ್ಥಾಯಿ, ಕೆಳಗಿದ್ದರೆ ಮಂದ್ರಸ್ಥಾಯಿ. ಅಲ್ಪವಿರಾಮವೆಂದರೆ ಒಂದಕ್ಷರ ಕಾಲದ ಕಾರ್ವೆ, ಅರ್ಧವಿರಾಮವೆಂದರೆ ಎರಡಕ್ಷರದ್ದು. ಒಂಟಿ ಗೀಟು ಬಿದ್ದಲ್ಲಿ ತಾಳದ ಅಂಗ ಮುಗಿಯಿತು, ಜೋಡಿ ಗೀಟು ಬಿದ್ದಲ್ಲಿ ಆವರ್ತ ಮುಗಿಯಿತು. ಅಚ್ಚಿನಲ್ಲಿ ಒಂದು ಚುಕ್ಕಿ ತಪ್ಪಿದರೆ ಕಲಿಯುವವರ ಹಾಡೇ ತಪ್ಪುತ್ತದೆ. ಬಾಯಿಲ್ಲದ ಹಾಳೆ ಸಂಗೀತವನ್ನು ಹೇಳಬೇಕಾದಾಗ ಯಾವುದು ಎಲ್ಲಿ ಕೂರಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಎಂಬುದೇ ಅರ್ಥವಾಗಿಬಿಡುತ್ತದೆ. ಸಂಗೀತ ಪತ್ರಿಕೆಗಳ ಕಷ್ಟವೂ ಇದೇ. ಅವು ಹೇಳಬೇಕಾದದ್ದು ಕಿವಿಯ ವಿಷಯ, ಕೈಯಲ್ಲಿರುವುದು ಕಣ್ಣಿನ ಸಾಮಗ್ರಿ. ಬ್ರಿಟನ್ ಮತ್ತು ಅಮೆರಿಕದಲ್ಲಿ ಈ ಪತ್ರಿಕೆಗಳು ನಡೆದುಬಂದ ಸುಮಾರು ನೂರು ವರ್ಷಗಳ ದಾರಿಯನ್ನು ಗಮನಿಸಿದರೆ ಒಂದು ಮಾತು ಖಚಿತವಾಗುತ್ತದೆ. ಓದುಗರನ್ನು ಸೆಳೆದು ಉಳಿಸಿಕೊಂಡದ್ದು ಬಣ್ಣದ ಹೊಳಪಿಗಿಂತ ಹೆಚ್ಚಾಗಿ, ತಾನು ಬರೆಯುವ ಸಂಗೀತದೊಂದಿಗೆ ಶ್ರುತಿ ಸೇರಿದ ಪುಟ. ಶ್ರುತಿ ಸೇರಿದಾಗ ಪತ್ರಿಕೆಗಳು ಬೆಳೆದವು, ಶ್ರುತಿ ಬಿಟ್ಟಾಗ ಒಂದರಂತೆ ಇನ್ನೊಂದು ಕಾಣತೊಡಗಿದವು.

ಆರಂಭದಲ್ಲಿ ಈ ಚಿಂತೆ ಯಾರಿಗೂ ಇರಲಿಲ್ಲ. ಲೈಪ್‌ಜಿಗ್‌ನಲ್ಲಿ 1798ರಲ್ಲಿ ಶುರುವಾದ ಸಂಗೀತ ವಾರಪತ್ರಿಕೆಯಾಗಲಿ, 1834ರಲ್ಲಿ ರಾಬರ್ಟ್ ಶೂಮನ್ ಅದೇ ಊರಿನಿಂದ ಹೊರತಂದ ಪತ್ರಿಕೆಯಾಗಲಿ ಸ್ವರಲಿಪಿ ಬಲ್ಲವರಿಗಾಗಿಯೇ ಇದ್ದವು. ಪುಟದಲ್ಲಿ ನಾಲ್ಕು ಸಾಲು ಸ್ವರ ಅಚ್ಚಾದರೆ ಓದುಗರು ಅದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಗ್ರಾಮಫೋನ್ ತಟ್ಟೆ ಈ ಸಂಬಂಧವನ್ನು ಬದಲಿಸಿತು. ಸ್ವರಲಿಪಿಯ ಗಂಧಗಾಳಿ ಇಲ್ಲದ, ಆದರೆ ಸಂಗೀತವನ್ನು ಮನಸಾರೆ ಪ್ರೀತಿಸುವ ಕೇಳುಗರ ದೊಡ್ಡ ಸಮೂಹವೊಂದು ಹುಟ್ಟಿತು. ಅವರಿಗಾಗಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ 1923ರಲ್ಲಿ ಲಂಡನ್ನಿನಲ್ಲಿ ಗ್ರಾಮಫೋನ್ ಪತ್ರಿಕೆ ಆರಂಭಿಸಿದರು. 1926ರಲ್ಲಿ ನೃತ್ಯವಾದ್ಯ ವೃಂದಗಳ ಕಲಾವಿದರಿಗೆಂದು ಮೆಲೊಡಿ ಮೇಕರ್ ಬಂತು. 1952ರ ನವೆಂಬರ್ 14ರ ಸಂಚಿಕೆಯಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಅಂದರೆ ಎನ್‌ಎಂಇ, ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ಹಾಡುಗಳ ಮೊದಲ ಪಟ್ಟಿಯನ್ನು ಹನ್ನೆರಡು ಸ್ಥಾನಗಳಲ್ಲಿ ಪ್ರಕಟಿಸಿತು. ಇದನ್ನು ಬರೀ ಸುದ್ದಿಯೆಂದು ಭಾವಿಸುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದು ಜನಪ್ರಿಯ ಸಂಗೀತ ಪತ್ರಿಕೆಯ ಮೊದಲ ದೊಡ್ಡ ವಿನ್ಯಾಸ. ಒಂದು ಅಂಕಿ, ಒಂದು ಹಾಡು, ಒಂದು ಹೆಸರು, ಹೀಗೆ ಮೇಲಿಂದ ಕೆಳಕ್ಕೆ ಇಳಿಯುವ ಸಾಲುಗಳು. ತಮ್ಮ ಮೆಚ್ಚಿನ ಹಾಡು ಈ ವಾರ ಏರಿತೋ ಇಳಿಯಿತೋ ಎಂದು ನೋಡಲೆಂದೇ ಓದುಗರು ಪತ್ರಿಕೆ ಕೊಳ್ಳುವಂತಾಯಿತು. ಬೀಟಲ್ಸ್ ಅಲೆ ಎದ್ದ 1964ರ ಹೊತ್ತಿಗೆ ಎನ್‌ಎಂಇಯ ಪ್ರಸಾರ 3 ಲಕ್ಷ ದಾಟಿತ್ತು.

ಪುಟ ಒಂದು ಪೀಳಿಗೆಯ ಗುರುತಾಗುವುದು ಮಾತ್ರ 1967ರ ನಂತರ. ಆ ವರ್ಷದ ನವೆಂಬರ್ 9ರ ದಿನಾಂಕ ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಬಂದ ರೋಲಿಂಗ್ ಸ್ಟೋನ್ ಪತ್ರಿಕೆಯ ಬೆಲೆ 25 ಸೆಂಟ್. ಕಾಗದ ದಿನಪತ್ರಿಕೆಯದು, ಮುಖಪುಟದಲ್ಲಿ ಚಲನಚಿತ್ರವೊಂದರ ಸೈನಿಕನ ವೇಷದಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್. ಅದೇ ಊರಿನ ಆ ಕಾಲದ ರಾಕ್ ಪೋಸ್ಟರ್‌ಗಳಲ್ಲಿ ಅಕ್ಷರಗಳು ಜ್ವಾಲೆಯಂತೆ ಬಳುಕುತ್ತಿದ್ದವು, ಬಣ್ಣಗಳು ಕಣ್ಣು ಕುಕ್ಕುತ್ತಿದ್ದವು. ಸಂಪಾದಕ ಯಾನ್ ವೆನ್ನರ್ ಪತ್ರಿಕೆಯ ಹೆಸರನ್ನು ಬರೆಸಿದ್ದು ಆ ಪೋಸ್ಟರ್ ಕಲಾವಿದರಲ್ಲೊಬ್ಬರಾದ ರಿಕ್ ಗ್ರಿಫಿನ್ ಅವರಿಂದಲೇ. ಆದರೆ ಒಳಪುಟಗಳಿಗೆ ವೆನ್ನರ್ ಆರಿಸಿಕೊಂಡದ್ದು ತದ್ವಿರುದ್ಧವಾದ ಉಡುಪನ್ನು. ತಾವು ಹಿಂದೆ ದುಡಿದಿದ್ದ ಸಂಡೇ ರಾಂಪಾರ್ಟ್ಸ್ ಪತ್ರಿಕೆಯ ಮಾದರಿಯಲ್ಲಿ ನೇರ ಅಂಕಣಗಳು, ಗಂಭೀರ ಶೀರ್ಷಿಕೆಗಳು, ಹಳೆಯ ದಿನಪತ್ರಿಕೆಗಳಲ್ಲಿ ಕಾಣುವಂಥ ಗೀಟುಗಳು. ರಾಕ್ ಸಂಗೀತವನ್ನು ಹುಡುಗಾಟವೆಂದು ಹಿರಿಯರು ತಳ್ಳಿಹಾಕುತ್ತಿದ್ದ ದಿನಗಳಲ್ಲಿ ಆ ಶಿಸ್ತಿನ ಪುಟವೇ ಒಂದು ವಾದ ಮಂಡಿಸುತ್ತಿತ್ತು. ಈ ಸಂಗೀತವನ್ನು ರಾಜಕೀಯದಷ್ಟೇ ಗಂಭೀರವಾಗಿ ಓದಬೇಕು ಎಂದು ಲೇಖನಗಳು ಹೇಳುವ ಮೊದಲೇ ವಿನ್ಯಾಸ ಹೇಳಿಬಿಡುತ್ತಿತ್ತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮುಖಪುಟ ಮಾರುವುದು ತಾರೆಯ ಮುಖದಿಂದ, ವಿನ್ಯಾಸಕಾರನ ಪಾತ್ರ ಅದರಲ್ಲಿ ಎಷ್ಟು ಮಹಾ ಎಂಬುದು. ತಾರೆಯ ಬಲವನ್ನು ಅಲ್ಲಗಳೆಯಲಾಗದು. ಆದರೆ ಅದೇ ತಾರೆ ಹತ್ತು ಪತ್ರಿಕೆಗಳ ಮೇಲಿದ್ದಾಗ ಒಂದು ಮಾತ್ರ ನೆನಪಿನಲ್ಲಿ ಉಳಿಯುವುದೇಕೆ? ರೋಲಿಂಗ್ ಸ್ಟೋನ್‌ನ 1981ರ ಜನವರಿ 22ರ ಮುಖಪುಟ ಇದಕ್ಕೆ ಉತ್ತರ. ಛಾಯಾಗ್ರಾಹಕಿ ಆನಿ ಲೀಬೊವಿಟ್ಸ್ ಆ ಚಿತ್ರವನ್ನು ತೆಗೆದದ್ದು 1980ರ ಡಿಸೆಂಬರ್ 8ರಂದು, ನ್ಯೂಯಾರ್ಕಿನಲ್ಲಿ ಲೆನನ್ ಅವರ ಮನೆಯಲ್ಲಿ. ಕಪ್ಪು ಉಡುಪಿನಲ್ಲಿ ಮಲಗಿರುವ ಪತ್ನಿ ಯೋಕೊ ಓನೊ, ಮೈಮೇಲೆ ಬಟ್ಟೆಯಿಲ್ಲದೆ ಮಗುವಿನಂತೆ ಮುದುಡಿ ಅವರನ್ನು ಅಪ್ಪಿಕೊಂಡ ಲೆನನ್. ಅಂದು ರಾತ್ರಿಯೇ ಲೆನನ್ ಗುಂಡಿಗೆ ಬಲಿಯಾದರು. ಸಂಚಿಕೆ ಅಚ್ಚಿಗೆ ಹೋಗುವಾಗ ಸಂಪಾದಕರ ಬಳಿ ಜಗತ್ತಿನ ಅತಿ ದೊಡ್ಡ ಸುದ್ದಿಯಿತ್ತು. ಆದರೂ ಮುಖಪುಟದ ಮೇಲೆ ಒಂದೇ ಒಂದು ಶೀರ್ಷಿಕೆ ಹಾಕಲಿಲ್ಲ. ಪತ್ರಿಕೆಯ ಹೆಸರು, ಆ ಚಿತ್ರ, ಅಷ್ಟೆ. ಬೇರೆ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಹಾಡು ನಿಂತ ಮೇಲೆ ಸಭೆಯಲ್ಲಿ ಕವಿಯುವ ಮೌನವನ್ನು ಹಾಳೆಯ ಮೇಲೆ ತಂದದ್ದು ವಿನ್ಯಾಸದ ನಿರ್ಧಾರ. 2005ರಲ್ಲಿ ಅಮೆರಿಕದ ನಿಯತಕಾಲಿಕ ಸಂಪಾದಕರ ಸಂಘ ಅದನ್ನು ಹಿಂದಿನ ನಲವತ್ತು ವರ್ಷಗಳ ಅತ್ಯುತ್ತಮ ಮುಖಪುಟವೆಂದು ಆರಿಸಿತು.

ಬ್ರಿಟನ್ನಿನಲ್ಲಿ ಇದೇ ಹೊತ್ತಿಗೆ ಸಂಗೀತದ ಜೊತೆ ಪುಟವೂ ಒಡೆಯತೊಡಗಿತ್ತು. 1976ರಲ್ಲಿ ಮಾರ್ಕ್ ಪೆರಿ ಹೊರತಂದ ಸ್ನಿಫಿನ್ ಗ್ಲೂ ಪತ್ರಿಕೆಯಲ್ಲಿ ಬೆರಳಚ್ಚಿನ ಪಠ್ಯ, ದಪ್ಪ ಪೆನ್ನಿನಲ್ಲಿ ಗೀಚಿದ ಶೀರ್ಷಿಕೆ, ತಪ್ಪಾದರೆ ಅಲ್ಲೇ ಕಾಟುಹಾಕಿದ ಗುರುತು. ಜೆರಾಕ್ಸ್ ಮಾಡಿ ಹಂಚಿದ ಆ ಹಾಳೆಗಳು ಪಂಕ್ ಸಂಗೀತದ ಒರಟುತನವನ್ನು ಯಾವ ವಿಮರ್ಶೆಗಿಂತಲೂ ಚೆನ್ನಾಗಿ ತಿಳಿಸಿದವು. ಎರಡು ವರ್ಷಗಳ ಬಳಿಕ ನಿಕ್ ಲೋಗನ್ ಇನ್ನೊಂದು ದಾರಿ ಹಿಡಿದರು. ಅವರ ಸ್ಮ್ಯಾಶ್ ಹಿಟ್ಸ್ ಹದಿಹರೆಯದವರಿಗೆ ಬಣ್ಣದ ಹಿನ್ನೆಲೆಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯವನ್ನೇ ಅಚ್ಚುಹಾಕಿ ಕೊಟ್ಟಿತು. ನಮ್ಮ ಟಾಕೀಸುಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಬಲ್ಲವರಿಗೆ ಈ ಸೆಳೆತ ಚೆನ್ನಾಗಿ ಅರ್ಥವಾಗುತ್ತದೆ. ಓದುವ ಪುಟ ಹಾಡುವ ಪುಟವಾದರೆ ಅದು ಮನೆಯಲ್ಲಿ ಜೋಪಾನವಾಗಿ ಉಳಿಯುತ್ತದೆ. ಅದೇ ಲೋಗನ್ 1980ರಲ್ಲಿ ಆರಂಭಿಸಿದ ದಿ ಫೇಸ್ ಪತ್ರಿಕೆಗೆ ಮರುವರ್ಷ ಬಂದ ನೆವಿಲ್ ಬ್ರೋಡಿ ಅಕ್ಷರವನ್ನೇ ವಾದ್ಯ ಮಾಡಿಕೊಂಡರು. ಪತ್ರಿಕೆಗೆಂದೇ ಹೊಸ ಅಕ್ಷರರೂಪಗಳನ್ನು ಬರೆದರು. ಪರಿವಿಡಿ ಪುಟದ ತಲೆಬರಹವಾದ ‘ಕಂಟೆಂಟ್ಸ್’ ಎಂಬ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವೇ ಕಳಚುತ್ತ ಹೋಗಿ, ಕೊನೆಗೆ ಅದನ್ನು ಬರೀ ಗುರುತಾಗಿ ಉಳಿಸಿದರು. ಪ್ರತಿ ತಿಂಗಳು ಪತ್ರಿಕೆ ಕೊಳ್ಳುತ್ತಿದ್ದವರಿಗೆ ಅದು ಪರಿವಿಡಿಯೆಂದು ಓದದೆಯೇ ತಿಳಿಯುತ್ತಿತ್ತು. ರಾಗವನ್ನು ಮೊದಲ ಸಂಚಾರದಲ್ಲೇ ಹಿಡಿಯುವ ರಸಿಕರ ಹಾಗೆ ಓದುಗರೂ ಪಳಗುತ್ತಾರೆ ಎಂಬ ನಂಬಿಕೆ ಆ ಪ್ರಯೋಗದಲ್ಲಿತ್ತು.

ಈ ದಾರಿಯ ತುತ್ತತುದಿ 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ರೇ ಗನ್. ಅದರ ಕಲಾ ನಿರ್ದೇಶಕ ಡೇವಿಡ್ ಕಾರ್ಸನ್ ಸಾಲುಗಳನ್ನು ಒಂದರ ಮೇಲೊಂದು ಹಾಯಿಸಿದರು, ಅಂಕಣಗಳನ್ನು ಅಂಚಿನಾಚೆಗೆ ಓಡಿಸಿದರು. ಗಾಯಕ ಬ್ರಯಾನ್ ಫೆರಿ ಕುರಿತ ಲೇಖನವೊಂದು ನೀರಸವೆನಿಸಿದ್ದರಿಂದ ಇಡೀ ಲೇಖನವನ್ನು ನಕ್ಷತ್ರ, ಬಾಣ, ಹೂವಿನ ಚಿಹ್ನೆಗಳೇ ತುಂಬಿದ ಜಾಫ್ ಡಿಂಗ್‌ಬ್ಯಾಟ್ಸ್ ಅಕ್ಷರಕಟ್ಟಿನಲ್ಲಿ ಜೋಡಿಸಿಬಿಟ್ಟರು. ಓದಲಾಗದ ಪುಟ ಓದುಗರಿಗೆ ಮಾಡಿದ ಅವಮಾನವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆ ಲೇಖನದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಬರೆದವರ ಶ್ರಮವನ್ನು ಅಳಿಸುವ ಹಕ್ಕು ವಿನ್ಯಾಸಕಾರನಿಗಿಲ್ಲ. ಆ ಪಠ್ಯವನ್ನು ಸಂಚಿಕೆಯ ಹಿಂಭಾಗದಲ್ಲಿ ಓದಲು ಬರುವಂತೆ ಮತ್ತೊಮ್ಮೆ ಅಚ್ಚುಹಾಕಬೇಕಾಗಿ ಬಂದದ್ದೇ ಆ ಮಿತಿಗೆ ಸಾಕ್ಷಿ. ಹಾಗೆಂದು ಕಾರ್ಸನ್ ಅವರ ಕೆಲಸವನ್ನೆಲ್ಲ ತಳ್ಳಿಹಾಕಲಾಗದು. ಗಿಟಾರಿನ ಕರ್ಕಶ ಸದ್ದನ್ನೇ ಸೌಂದರ್ಯವಾಗಿಸಿಕೊಂಡ ಆ ಕಾಲದ ರಾಕ್ ಸಂಗೀತಕ್ಕೆ ಅಂಥ ಪುಟಗಳೇ ಒಪ್ಪುತ್ತಿದ್ದವು. ಅದೇ ವರ್ಷಗಳಲ್ಲಿ ರೋಲಿಂಗ್ ಸ್ಟೋನ್‌ನ ಫ್ರೆಡ್ ವುಡ್‌ವರ್ಡ್ ಒಂದು ಪುಟದ ತುಂಬ ಕಲಾವಿದರ ಚಿತ್ರ, ಎದುರು ಪುಟದ ತುಂಬ ಹಳೆಯ ಮರದಚ್ಚಿನಂಥ ಭಾರಿ ಅಕ್ಷರಗಳನ್ನು ಇಟ್ಟು, ಓದುವುದಕ್ಕೆ ಎಲ್ಲೂ ತೊಡಕಾಗದಂತೆ ಕಣ್ಣು ಸೆಳೆದರು. ಇಬ್ಬರ ದಾರಿ ಬೇರೆಯಾದರೂ ಇಬ್ಬರೂ ತಮ್ಮ ಮುಂದಿದ್ದ ಸಂಗೀತವನ್ನು ಕೇಳಿಸಿಕೊಂಡು ಪುಟ ಕಟ್ಟಿದವರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಬರಹ ಬಡವಾದಾಗ ವಿನ್ಯಾಸ ಮೆರೆಯುತ್ತದೆ ಎಂದು ದೂರುವವರೂ ಇದ್ದಾರೆ. ಬರೀ ತೋರಿಕೆಯ ಪತ್ರಿಕೆಗಳ ಮಟ್ಟಿಗೆ ಅದು ನಿಜ. ಆದರೆ ಬರಹಕ್ಕೆ ದುಡಿಯುವ ವಿನ್ಯಾಸವೂ ಇದೆ. ಸಿ.ಡಿ.ಗಳು ಮನೆಮನೆಗೆ ಬಂದ ಕಾಲದಲ್ಲಿ, 1986ರಲ್ಲಿ ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ ರೂಪಿಸಿದ ‘ಕ್ಯೂ’ ಪತ್ರಿಕೆ ತುಸು ವಯಸ್ಸಾದ, ಹಣ ಕೊಟ್ಟು ಸಂಗೀತ ಕೊಳ್ಳುವ ಓದುಗರನ್ನು ಗುರುತಿಸಿತು. ಕೆಂಪು ಚೌಕದಲ್ಲಿ ಬಿಳಿ ಅಕ್ಷರ, ಹಿಂಬದಿಯಲ್ಲಿ ನಕ್ಷತ್ರಗಳ ಲೆಕ್ಕ ಕೊಟ್ಟ ವಿಮರ್ಶೆಗಳ ದೊಡ್ಡ ವಿಭಾಗ. ಏನು ಕೊಳ್ಳಲಿ ಎಂಬ ಪ್ರಶ್ನೆಗೆ ಒಂದೇ ನೋಟದಲ್ಲಿ ಉತ್ತರ ಸಿಗುತ್ತಿತ್ತು. 1993ರಲ್ಲಿ ಬಂದ ಮೋಜೊ ಹಳೆಯ ಛಾಯಾಚಿತ್ರಗಳಿಗೆ, ದೀರ್ಘ ಲೇಖನಗಳಿಗೆ ಧಾರಾಳವಾಗಿ ಜಾಗ ಕೊಟ್ಟು, ಕೂಡಿಡಲು ಯೋಗ್ಯವಾದ ಸಂಚಿಕೆಗಳನ್ನು ಕಟ್ಟಿತು. ಇವು ಗೆದ್ದದ್ದೇ ತಡ, ಉಳಿದವೂ ಅದೇ ಅಚ್ಚಿಗೆ ಇಳಿದವು. ‘ಸಾರ್ವಕಾಲಿಕ ನೂರು ಹಾಡುಗಳು’ ಎಂಬಂಥ ಪಟ್ಟಿಗಳು, ಮುಖಪುಟದ ಇಕ್ಕೆಲಗಳಲ್ಲೂ ಒತ್ತೊತ್ತಾಗಿ ತುರುಕಿದ ಶೀರ್ಷಿಕೆಗಳು, ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿದ ಉಚಿತ ಸಿ.ಡಿ. ಅಂಗಡಿಯ ಕಪಾಟಿನಲ್ಲಿ ಯಾವುದು ಯಾವ ಪತ್ರಿಕೆಯೆಂದು ಗುರುತಿಸಲು ಹೆಸರನ್ನೇ ಓದಬೇಕಾಯಿತು.

ಇವನ್ನೆಲ್ಲ ಕೊಂದದ್ದು ಇಂಟರ್‌ನೆಟ್, ವಿನ್ಯಾಸವನ್ನೇಕೆ ದೂರಬೇಕು ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಹಾಡು ಫೋನಿನಲ್ಲೇ ಕೇಳಲು ಸಿಕ್ಕಮೇಲೆ ಅದು ಹೇಗಿದೆಯೆಂದು ಓದುವ ಅಗತ್ಯ ಕಡಿಮೆಯಾದದ್ದು ನಿಜ. ಜಾಹೀರಾತಿನ ಹಣ ಬೇರೆಡೆಗೆ ಹರಿದದ್ದೂ ನಿಜ. ಆದರೆ ಈ ಬಿರುಗಾಳಿ ಎಲ್ಲರ ಮೇಲೂ ಬೀಸಿದರೂ ಎಲ್ಲರೂ ಬೀಳಲಿಲ್ಲ. ಎನ್‌ಎಂಇಯನ್ನೇ ನೋಡಿ. ಹಣ ಕೊಟ್ಟು ಕೊಳ್ಳುವವರ ಸಂಖ್ಯೆ 15,000ದ ಆಸುಪಾಸಿಗೆ ಕುಸಿದಾಗ, 2015ರ ಸೆಪ್ಟೆಂಬರಿನಲ್ಲಿ ಅದು ರೈಲು ನಿಲ್ದಾಣಗಳಲ್ಲಿ, ಕಾಲೇಜುಗಳಲ್ಲಿ ಉಚಿತವಾಗಿ ಹಂಚುವ ಪತ್ರಿಕೆಯಾಯಿತು. ಸಂಗೀತದ ಜೊತೆ ಸಿನಿಮಾ, ಫ್ಯಾಶನ್ ಎಲ್ಲವೂ ಸೇರಿದವು. ಪ್ರಸಾರ ಮತ್ತೆ 3 ಲಕ್ಷ ದಾಟಿತು, 1964ರ ಮಟ್ಟವನ್ನೇ ಮುಟ್ಟಿತು. ಆದರೂ 2018ರ ಮಾರ್ಚಿನಲ್ಲಿ ಆ ವಾರಪತ್ರಿಕೆಯ ಮುದ್ರಣ ನಿಂತುಹೋಯಿತು. 2020ರಲ್ಲಿ ‘ಕ್ಯೂ’ ಕೂಡ ಮುಚ್ಚಿತು. ಎನ್‌ಎಂಇಯ ಎರಡು ಕಾಲದ ಮೂರು ಲಕ್ಷಗಳೂ ಅಂಕಿಯಲ್ಲಿ ಒಂದೇ. ಮೊದಲಿನವರು ತಮ್ಮದೆಂದು ಹುಡುಕಿಕೊಂಡು ಬಂದವರು, ನಂತರದವರು ದಾರಿಯಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡವರು. ಇತ್ತ 1982ರಲ್ಲಿ ಆರಂಭವಾಗಿ ಪ್ರಯೋಗಶೀಲ ಸಂಗೀತಕ್ಕೆ ಮೀಸಲಾದ ದಿ ವೈರ್, ಹಳೆಯ ರಾಕ್ ಸಂಗೀತವನ್ನೇ ನೆಚ್ಚಿದ ಮೋಜೊ ಈ ಗಾಳಿಯನ್ನು ತಾಳಿಕೊಂಡು ಮುದ್ರಣದಲ್ಲೇ ಮುಂದುವರಿದವು. ಉಳಿಸಿದ್ದು ವಿನ್ಯಾಸವೊಂದೇ ಎಂದು ಯಾರೂ ಹೇಳಲಾರರು. ಆದರೆ ಯಾರಿಗಾಗಿ ಎಂಬುದು ಸ್ಪಷ್ಟವಾಗಿದ್ದ ಪುಟಗಳು ಗಟ್ಟಿಯಾಗಿ ನಿಂತವು ಎಂಬುದು ಕಣ್ಣೆದುರಿಗಿದೆ.

ಈ ಚರಿತ್ರೆ ನಮಗೆ ದೂರದ್ದಲ್ಲ. 1983ರಲ್ಲಿ ಎನ್. ಪಟ್ಟಾಭಿರಾಮನ್ ಮದರಾಸಿನಲ್ಲಿ ಆರಂಭಿಸಿದ ಇಂಗ್ಲಿಷ್ ಮಾಸಪತ್ರಿಕೆ ಶ್ರುತಿ, ಸಂಗೀತ ನೃತ್ಯಗಳ ಕಲಾವಿದರಿಗೆ ಗಂಭೀರವಾದ ಪುಟಗಳನ್ನು ಮೀಸಲಿಡಬಹುದೆಂದು ದಕ್ಷಿಣ ಭಾರತಕ್ಕೆ ತೋರಿಸಿಕೊಟ್ಟಿತು. ಕನ್ನಡದಲ್ಲಿ ಸಂಗೀತದ ಬಗೆಗಿನ ಬರಹ ಇಂದಿಗೂ ಹೆಚ್ಚಾಗಿ ಸಿಗುವುದು ಉತ್ಸವಗಳ ಸ್ಮರಣ ಸಂಚಿಕೆಗಳಲ್ಲಿ, ವಿಶೇಷಾಂಕಗಳಲ್ಲಿ. ಅಲ್ಲಿ ಗಣ್ಯರ ಸಂದೇಶಗಳ, ಜಾಹೀರಾತುಗಳ ನಡುವೆ ಒಳ್ಳೆಯ ಲೇಖನ ಸಣ್ಣ ಅಕ್ಷರಗಳಲ್ಲಿ ನಲುಗುತ್ತದೆ, ಹಿರಿಯ ವಿದ್ವಾಂಸರ ಚಿತ್ರ ಅಂಚೆಚೀಟಿಯಷ್ಟಾಗುತ್ತದೆ. ಇದನ್ನು ಸರಿಪಡಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಆಲಾಪನೆಗೆ ಬೇಕಾದ ಬಿಡುವನ್ನು ಲೇಖನದ ಸುತ್ತಲೂ ಬಿಡಬಹುದು, ಒಳ್ಳೆಯ ಛಾಯಾಚಿತ್ರಕ್ಕೆ ಇಡೀ ಪುಟ ಕೊಡಬಹುದು, ಕನ್ನಡ ಅಕ್ಷರಗಳ ದುಂಡು ಚೆಲುವನ್ನು ಶೀರ್ಷಿಕೆಯಲ್ಲಿ ತುಂಬಿಕೊಳ್ಳಬಹುದು. ಒಂದು ಚುಕ್ಕಿಯಲ್ಲಿ ಸ್ಥಾಯಿಯನ್ನೇ ಹೇಳಬಲ್ಲ ಮುದ್ರಣ ಪರಂಪರೆ ನಮ್ಮದು. ಮುಂದಿನ ಉತ್ಸವದ ಸಂಚಿಕೆಯನ್ನು ಅಚ್ಚಿಗೆ ಕಳುಹಿಸುವವರು ಒಮ್ಮೆ ಆ ಪುಟವನ್ನು ಕೇಳಿಸಿಕೊಂಡು ನೋಡಲಿ. ಶ್ರುತಿ ಸೇರಿದ್ದರೆ ಓದುಗರು ಬಂದೇ ಬರುತ್ತಾರೆ.