ಕಿಟ್ಟೆಲ್ ಪಂಡಿತರ ಶ್ರದ್ಧೆಯೂ ಶಬ್ದಸೇವೆಯೂ

ಕನ್ನಡ ಭಾಷೆಯ ವ್ಯಾಸಂಗದಲ್ಲಿ ತೊಡಗಿದವರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರನ್ನರಿಯದವರು ವಿರಳ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ವಿದ್ಯಾರ್ಥಿಗೂ ವಿದ್ವಾಂಸನಿಗೂ ಸಮಾನವಾಗಿ ಆಧಾರವಾಗಿದೆ. ಆದರೆ ಗ್ರಂಥವು ಪ್ರಸಿದ್ಧವಾದಷ್ಟು ಗ್ರಂಥಕರ್ತರ ಬಾಳು ಪ್ರಸಿದ್ಧವಾಗಿಲ್ಲ. ಆ ಬಾಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಕೇಳಬರುತ್ತವೆ. ಮತಪ್ರಚಾರವೇ ಅವರ ಗುರಿ, ಭಾಷಾವ್ಯಾಸಂಗವು ಅದಕ್ಕೊಂದು ಉಪಾಯ ಮಾತ್ರ ಎಂಬುದೊಂದು. ಅವರು ಪಾದ್ರಿಗಳಾಗಿ ಬಂದರೂ ಕ್ರಮೇಣ ಮತಕಾರ್ಯವನ್ನು ಬಿಟ್ಟು ಪಾಂಡಿತ್ಯಕ್ಕೆ ಒಲಿದರು ಎಂಬುದು ಮತ್ತೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಪಕ್ಷಗಳಿಗೂ ಮೂಲವೊಂದೇ. ಶ್ರದ್ಧೆ ಬೇರೆ, ಶಬ್ದಸೇವೆ ಬೇರೆ ಎಂದು ಎರಡೂ ಭಾವಿಸುತ್ತವೆ. ಅವರ ಜೀವಿತದ ಸಂಗತಿಗಳು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದೇ ಇಲ್ಲಿಯ ವಿಚಾರ.

೧. ಪೂರ್ವರಂಗ

ಬಾಸೆಲ್ ಮಿಶನ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮೂವರು ಬೋಧಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬುವರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗ್ ಅವರು ೧೮೪೩ರ ಜುಲೈ ೧ರಂದು “ಮಂಗಳೂರ ಸಮಾಚಾರ”ವೆಂಬ ಪಾಕ್ಷಿಕ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿ ಕನ್ನಡದ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ೧೮೪೮ರಿಂದ ೧೮೫೩ರವರೆಗೆ “ಬಿಬ್ಲಿಯೋಥಿಕಾ ಕರ್ನಾಟಿಕಾ” ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದುವನ್ನು ಅಚ್ಚು ಮಾಡಿಸಿದರು. ಅಲ್ಲಿಯವರೆಗೆ ಓಲೆಗರಿಗಳಲ್ಲಿಯೂ ಬಾಯಿಪಾಠದಲ್ಲಿಯೂ ಉಳಿದಿದ್ದ ಕಾವ್ಯಗಳಿಗೆ ಹೀಗೆ ಮುದ್ರಣಭಾಗ್ಯವು ಲಭಿಸಿತು.

ಈ ಕಾರ್ಯವು ಸುಖಾಸನದಲ್ಲಿ ಕುಳಿತು ಮಾಡಿದ್ದಲ್ಲ. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆಯವರು ಬೈಬಲಿನ ಕನ್ನಡ ಭಾಷಾಂತರವನ್ನು ಪರಿಷ್ಕರಿಸುವ ಕಾರ್ಯದಲ್ಲಿ ದುಡಿದು ೧೮೫೫ರಲ್ಲಿ ತೀರಿಕೊಂಡರು. ಹೊಸ ಮತವನ್ನು ಸ್ವೀಕರಿಸಿದ ಈ ನಾಡಿನವರ ಕಷ್ಟವಾದರೋ ಇನ್ನೂ ಹೆಚ್ಚಿನದು. ೧೮೪೪ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನವನ್ನು ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯೇ ಉಂಟಾಯಿತು. ಮನೆ, ಬಂಧುಗಳು, ಜಾತಿಯ ಆಸರೆ ಎಲ್ಲವೂ ಒಮ್ಮೆಲೇ ಕಳಚಿಹೋದುವು. ಅವರು ಬಾಸೆಲಿನಲ್ಲಿ ಶಿಕ್ಷಣ ಹೊಂದಿ ೧೮೫೧ರಲ್ಲಿ ಬೋಧಕಪಟ್ಟವನ್ನು ಪಡೆದು ಮರಳಿ, ಈ ನಾಡಿನಲ್ಲಿಯೇ ದುಡಿದರು. ಜಾತಿಯಿಂದ ಹೊರಬಿದ್ದವರಿಗೆ ಕುಲಕಸಬೂ ತಪ್ಪಿಹೋಗುತ್ತಿದ್ದುದರಿಂದ ಮಿಶನ್ನಿನವರು ನೇಯ್ಗೆಯ ಕೆಲಸವನ್ನು ಆರಂಭಿಸಿದರು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬುವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕರಾವಳಿಯ ಮನೆಗಳ ಮೇಲಿನ ಕೆಂಪು ಹಂಚಿನ ಹಿಂದೆ ಅನ್ನ ತಪ್ಪಿದವರ ಈ ಚರಿತ್ರೆಯಿದೆ.

೨. ಕನ್ನಡಿಗರಲ್ಲಿ ಕನ್ನಡಿಗನಾಗುವ ಹಂಬಲ

ಕಿಟ್ಟೆಲ್ ಅವರು ೧೮೩೨ರಲ್ಲಿ ಜರ್ಮನಿಯ ವಾಯವ್ಯದ ಪೂರ್ವ ಫ್ರೀಸ್ಲೆಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಒಬ್ಬ ಪಾದ್ರಿಗಳ ಮಗನಾಗಿ ಜನಿಸಿದರು. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಎಳೆವಯಸ್ಸಿನಲ್ಲಿಯೇ ಕಲಿತರು. ೧೮೫೩ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂದೇಶಕ್ಕೆ ಬಂದು ಧಾರವಾಡ ಸೀಮೆಯಲ್ಲಿ ಕೆಲಸಕ್ಕೆ ನಿಂತರು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಯಾರ ನಡುವೆ ಬೋಧಿಸಬೇಕಾದರೂ ತಾನು ಅವರಂತೆಯೇ ಆದೆನೆಂಬ ಭಾವವನ್ನು ಹೇಳಿದ್ದಾರೆ. ತರುಣ ಕಿಟ್ಟೆಲ್ ಈ ಮಾತನ್ನು ಅಕ್ಷರಶಃ ಗ್ರಹಿಸಿದರು. ಈ ನಾಡಿನ ಜನರಿಗೆ ಸುವಾರ್ತೆಯನ್ನು ಹೇಳಬೇಕಾದರೆ ಅವರ ನುಡಿ, ನಡೆ, ಸಂಗೀತ, ಶಾಸ್ತ್ರಗಳು ತಮ್ಮವಾಗಬೇಕೆಂದು ನಂಬಿ, ಕಾಲ್ನಡೆಯಲ್ಲಿ ಹಳ್ಳಿಗಳನ್ನು ಸುತ್ತಿದರು. ಸಹೋದ್ಯೋಗಿಗಳು ಯೂರೋಪಿಯನರ ರೀತಿಯಲ್ಲಿ ಬಾಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಇದರಿಂದ ಸಹೋದ್ಯೋಗಿಗಳ ಅಸಮಾಧಾನವೂ ಬಾಸೆಲಿನಲ್ಲಿದ್ದ ಮೇಲಧಿಕಾರಿ ಯೋಸೆನ್‌ಹಾನ್ಸ್ ಅವರ ಅಪ್ರಸನ್ನತೆಯೂ ಒದಗಿದುವು. ಕಟ್ಟುನಿಟ್ಟಾದ ವಿಧೇಯತೆಯನ್ನು ಬಯಸುವ ಸಂಸ್ಥೆಯಲ್ಲಿ ತನ್ನ ಮನಸ್ಸಾಕ್ಷಿಯಂತೆ ನಡೆಯುವವನು ಅಂಚಿಗೆ ಸರಿಯುವುದು ಸಹಜ. ಧಾರವಾಡದಿಂದ ನೀಲಗಿರಿಗೂ ಅಲ್ಲಿಂದ ಮಂಗಳೂರಿಗೂ ಅವರು ಹೋಗಬೇಕಾಯಿತು.

ಇಲ್ಲೊಂದು ಅಂಶವು ಗಮನಾರ್ಹವಾಗಿದೆ. ಅವರು ಅಂಚಿಗೆ ಸರಿದುದು ಶ್ರದ್ಧೆಯ ಕೊರತೆಯಿಂದಲ್ಲ, ಅದರ ಅತಿಶಯದಿಂದ. ನಂಬಿದ ವಚನವನ್ನು ಉಳಿದವರಿಗಿಂತ ಬಿಗಿಯಾಗಿ ಹಿಡಿದುದೇ ಅವರ ಕಷ್ಟಕ್ಕೆ ಕಾರಣವಾಯಿತು.

೩. ಕಾವ್ಯದಿಂದ ಶಾಸ್ತ್ರಕ್ಕೆ

೧೮೬೨ರಲ್ಲಿ ಪ್ರಕಟವಾದ “ಕಥಾಮಾಲೆ”ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಪದ್ಯರೂಪಕ್ಕೆ ತಂದರು. ಪಾಶ್ಚಾತ್ಯ ಕೀರ್ತನೆಗಳ ಧಾಟಿಗೆ ಕನ್ನಡದ ಮಾತುಗಳನ್ನು ಹೊಂದಿಸುವುದು ಸುಲಭವಾಗಿತ್ತು. ಅವರು ಆ ದಾರಿಯನ್ನು ಹಿಡಿಯಲಿಲ್ಲ. ಈ ಕೃತಿಯ ಕಾವ್ಯಗುಣವನ್ನು ಕುರಿತು ಭಿನ್ನಾಭಿಪ್ರಾಯಗಳಿರಬಹುದು. ಆದರೆ ಛಂದಸ್ಸಿನಲ್ಲಿ ರಚಿಸಹೊರಟವನಿಗೆ ಛಂದಃಶಾಸ್ತ್ರವೂ, ಛಂದಃಶಾಸ್ತ್ರಕ್ಕೆ ವ್ಯಾಕರಣವೂ, ವ್ಯಾಕರಣಕ್ಕೆ ಪ್ರಾಚೀನ ಪ್ರಯೋಗಗಳೂ ಬೇಕಾಗುತ್ತವೆ. ಕಿಟ್ಟೆಲ್ ಅವರು ಮುಂದೆ ಸಂಪಾದಿಸಿದ ಗ್ರಂಥಗಳ ಬೀಜವು ಈ ಮಾಲೆಯಲ್ಲಿದೆಯೆಂದರೆ ತಪ್ಪಾಗಲಾರದು.

ಈ ನಡುವೆ ಗೃಹದುಃಖವೂ ಒದಗಿತು. ಪತ್ನಿ ಪೌಲೀನೆಯವರು ೧೮೬೪ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಮೇಲೆ ಆಕೆಯ ತಂಗಿಯನ್ನು ವಿವಾಹವಾಗಿ ಪುನಃ ಈ ನಾಡಿಗೆ ಬಂದು, ಮಂಗಳೂರು ಮಡಿಕೇರಿಗಳಲ್ಲಿ ಕೆಲಸವನ್ನು ಮುಂದುವರಿಸಿದರು.

೧೮೭೨ನೆಯ ವರ್ಷವೊಂದನ್ನೇ ಪರಿಶೀಲಿಸಿದರೆ ಅವರ ಮನೋಧರ್ಮವು ಸ್ಪಷ್ಟವಾಗುವುದು. ಆ ವರ್ಷ ಹದಿಮೂರನೆಯ ಶತಮಾನದ ಜೈನ ವೈಯಾಕರಣನಾದ ಕೇಶಿರಾಜನ “ಶಬ್ದಮಣಿದರ್ಪಣ”ವನ್ನು ವ್ಯಾಖ್ಯಾನಸಹಿತವಾಗಿ ಪ್ರಕಟಿಸಿದರು. “ಇಂಡಿಯನ್ ಆಂಟಿಕ್ವರಿ” ಪತ್ರಿಕೆಯಲ್ಲಿ, ಸಂಸ್ಕೃತಕೋಶಗಳಲ್ಲಿ ಸೇರಿಕೊಂಡಿರುವ ದ್ರಾವಿಡ ಶಬ್ದಗಳನ್ನು ಕುರಿತು ಲೇಖನ ಬರೆದರು. ಯಜ್ಞವಿಷಯಕವಾದ “ಯಜ್ಞಸುಧಾನಿಧಿ”ಯೆಂಬ ಮತಪ್ರಬಂಧವನ್ನೂ ಹೊರತಂದರು. ಮೊದಲನೆಯದು ಸಂಪಾದಕನ ಕೆಲಸ, ಎರಡನೆಯದು ಭಾಷಾಶಾಸ್ತ್ರಜ್ಞನ ಕೆಲಸ, ಮೂರನೆಯದು ಬೋಧಕನ ಕೆಲಸ. ಮೂರೂ ಒಂದೇ ಕೈಯಿಂದ ಒಂದೇ ವರ್ಷದಲ್ಲಿ ಹೊರಟುವು. ಮತಕಾರ್ಯವನ್ನು ಬಿಟ್ಟು ಪಾಂಡಿತ್ಯಕ್ಕೆ ಒಲಿದರೆಂಬ ಪಕ್ಷವು ಇಲ್ಲಿ ನಿಲ್ಲಲಾರದು. ೧೮೭೫ರಲ್ಲಿ ನಾಗವರ್ಮನ “ಛಂದೋಂಬುಧಿ”ಯೂ ಕನ್ನಡ ಸಾಹಿತ್ಯವನ್ನು ಕುರಿತ ಇಂಗ್ಲಿಷ್ ಪ್ರಬಂಧದೊಡನೆ ಅಚ್ಚಾಯಿತು.

೪. ನಿಘಂಟು

ಕನ್ನಡಕ್ಕೆ ಆಗ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಅವರ ಕೋಶವು ೧೮೩೨ರಲ್ಲಿಯೂ, ಸ್ಯಾಂಡರ್ಸನ್ನರಿಂದ ಪರಿಷ್ಕೃತವಾಗಿ ೧೮೫೮ರಲ್ಲಿಯೂ ಬಂದಿತ್ತು. ಆದರೆ ಹಳಗನ್ನಡದ ಶಬ್ದಗಳನ್ನು ಕಾವ್ಯಪ್ರಯೋಗಗಳ ಆಧಾರದಿಂದ ನಿರ್ಣಯಿಸುವ ಮಹಾಕೋಶವಿರಲಿಲ್ಲ. ೧೮೭೭ರಲ್ಲಿ ಸ್ವದೇಶಕ್ಕೆ ತೆರಳಿದ್ದ ಕಿಟ್ಟೆಲ್ ಅವರು ಈ ಕಾರ್ಯಕ್ಕಾಗಿಯೇ ೧೮೮೩ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಕುಟುಂಬವನ್ನು ಜರ್ಮನಿಯಲ್ಲಿಯೇ ಬಿಟ್ಟು ಒಬ್ಬರೇ ಹಿಂದಿರುಗಿದರು. ೧೮೯೨ರವರೆಗೆ, ಒಂಬತ್ತು ವರ್ಷಗಳ ಕಾಲ, ಈ ಏಕಾಂತವನ್ನು ಸಹಿಸಿದರು. ಬೋಧಕರಾಗಿ ಅವರು ಕಂಡ ಫಲ ಅಲ್ಪವೇ. ನಿಘಂಟಿನ ಫಲವೂ ಆಗ ಕಣ್ಣಿಗೆ ಕಾಣುವಂತಿರಲಿಲ್ಲ. ಫಲವನ್ನು ಕಾಣದೆ ದುಡಿಯುವವನಿಗೆ ಶ್ರದ್ಧೆಯಲ್ಲದೆ ಬೇರೆ ಊರೆಗೋಲು ಯಾವುದು?

ಸುಮಾರು ೭೦,೦೦೦ ಶಬ್ದಗಳನ್ನೊಳಗೊಂಡು ೧,೭೫೨ ಪುಟಗಳಲ್ಲಿ ಹರಡಿರುವ ಈ ಕೋಶದ ಗುಣಗಳು ವಿದ್ವಾಂಸರಿಗೆ ತಿಳಿದುವೇ. ಪ್ರಾಚೀನ ಕಾವ್ಯ ಶಾಸ್ತ್ರಗಳಿಂದ ಪ್ರಯೋಗಗಳು, ಜನರ ಬಾಯಲ್ಲಿದ್ದ ಗಾದೆಗಳು, ತಮಿಳು ತೆಲುಗು ಮಲಯಾಳ ತುಳು ಭಾಷೆಗಳ ಜ್ಞಾತಿಪದಗಳು, ಬಳಕೆಯಿಂದ ಅಳಿದುಹೋಗಿದ್ದ ಱಕಾರ ೞಕಾರಗಳ ವಿವೇಚನೆ, ತತ್ಸಮ ತದ್ಭವ ದೇಶ್ಯಗಳ ವಿಭಾಗ, ಇವೆಲ್ಲವೂ ಅಲ್ಲಿ ಒಂದೆಡೆ ಸೇರಿವೆ. ಈ ಕಾರ್ಯದಲ್ಲಿ ಈ ನಾಡಿನ ಪಂಡಿತರ ನೆರವೂ ಇತ್ತೆಂಬುದನ್ನು ಮರೆಯಲಾಗದು. ಶಿವನಲ್ಲಿಯೂ ಜಿನನಲ್ಲಿಯೂ ನಂಬಿಕೆಯಿಟ್ಟ ಕವಿಗಳ ಮಾತುಗಳನ್ನು ಕ್ರಿಸ್ತನಲ್ಲಿ ನಂಬಿಕೆಯಿಟ್ಟವರೊಬ್ಬರು ಒಂದೊಂದಾಗಿ ಆಯ್ದು ಅರ್ಥವನ್ನು ನಿರ್ಣಯಿಸಿದರು.

ಕೋಶದಲ್ಲಿ ಕೊರತೆಗಳಿಲ್ಲವೆಂದು ಹೇಳಲಾಗದು. “ಕವಿರಾಜಮಾರ್ಗ”ವೂ “ಪಂಪಭಾರತ”ವೂ ಅಚ್ಚಾದುದು ೧೮೯೮ರಲ್ಲಿ. “ವಡ್ಡಾರಾಧನೆ”ಯು ಅಚ್ಚಾದುದು ೧೯೪೯ರಲ್ಲಿ. ಆ ಗ್ರಂಥಗಳ ಮುದ್ರಿತ ಪಾಠಗಳ ಸಹಾಯವು ಅವರಿಗೆ ದೊರೆಯುವಂತಿರಲಿಲ್ಲ. ಸಂಸ್ಕೃತ ಶಬ್ದಗಳಿಗೆ ಅವರು ಕಲ್ಪಿಸಿದ ದ್ರಾವಿಡ ಮೂಲಗಳೆಲ್ಲವನ್ನೂ ಎಲ್ಲರೂ ಒಪ್ಪುವುದಿಲ್ಲ. ಆದರೂ ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ವಿಸ್ತೃತ ಕೋಶಕ್ಕೆ ಕಿಟ್ಟೆಲ್ ಕೋಶವೇ ಬುನಾದಿಯಾಯಿತೆಂಬುದು ಅದರ ದಾರ್ಢ್ಯಕ್ಕೆ ಸಾಕ್ಷಿ.

೫. ಉಪಸಂಹಾರ

ಇನ್ನು ಉಳಿದುದು ಮೊದಲನೆಯ ಪಕ್ಷ. ಭಾಷಾವ್ಯಾಸಂಗವು ಮತಪ್ರಚಾರದ ಉಪಾಯ ಮಾತ್ರವಾಗಿದ್ದರೆ, ಉಪಾಯಕ್ಕೆ ಬೇಕಾದಷ್ಟರಲ್ಲಿ ಅದು ನಿಲ್ಲಬೇಕಾಗಿತ್ತು. ಸಂತೆಯಲ್ಲಿ ಉಪದೇಶ ಮಾಡುವವನಿಗೆ ೞಕಾರದ ನಿರ್ಣಯದಿಂದ ಪ್ರಯೋಜನವಿಲ್ಲ. ಕೇಶಿರಾಜನ ಸೂತ್ರಗಳಿಂದ ಒಬ್ಬನಾದರೂ ಮತಾಂತರ ಹೊಂದುವ ಸಂಭವವಿಲ್ಲ. ಉಪಾಯವು ಉಪೇಯವನ್ನು ಇಷ್ಟು ದೂರ ಮೀರಿದಲ್ಲಿ ಅದನ್ನು ಉಪಾಯವೆನ್ನುವುದು ಯುಕ್ತವಲ್ಲ. ಹಾಗೆಂದು ಅವರು ಪ್ರಚಾರಕರೇ ಅಲ್ಲವೆಂದು ವಾದಿಸುವುದೂ ಸರಿಯಲ್ಲ. “ಕಥಾಮಾಲೆ”ಯೂ “ಯಜ್ಞಸುಧಾನಿಧಿ”ಯೂ ಬಹಿರಂಗವಾಗಿಯೇ ಮತಗ್ರಂಥಗಳು. ಆ ಉದ್ದೇಶವನ್ನು ಅವರು ಮರೆಮಾಡಲಿಲ್ಲ, ಓದುಗರೂ ಮರೆಮಾಡಬೇಕಾಗಿಲ್ಲ.

ಶ್ರದ್ಧೆಯೆಂಬ ಶಬ್ದದ ನಿಷ್ಪತ್ತಿಯು ಇಲ್ಲಿ ದಾರಿ ತೋರಬಲ್ಲುದು. ವೈದಿಕ ನಿಘಂಟುವಿನಲ್ಲಿ “ಶ್ರತ್” ಎಂಬುದು ಸತ್ಯದ ಹೆಸರುಗಳಲ್ಲಿ ಪಠಿತವಾಗಿದೆ. ಅದನ್ನು ಧರಿಸುವುದು, ಅದರಲ್ಲಿ ನೆಲೆಗೊಳಿಸುವುದು ಶ್ರದ್ಧೆ. ಕ್ರೈಸ್ತರ ವಿಶ್ವಾಸಪ್ರಮಾಣದ ಮೊದಲಲ್ಲಿ ಬರುವ “ಕ್ರೇದೋ” ಎಂಬ ಲ್ಯಾಟಿನ್ ಪದವೂ ಇದರ ಜ್ಞಾತಿಯೇ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಈ ಅರ್ಥದಲ್ಲಿ ನೋಡಿದರೆ ಕಿಟ್ಟೆಲ್ ಅವರ ಬಾಳಿನಲ್ಲಿ ಎರಡು ಭಾಗಗಳಿಲ್ಲ. ಕನ್ನಡಿಗರಲ್ಲಿ ಕನ್ನಡಿಗನಾಗಬೇಕೆಂಬ ಹಂಬಲವು ಧರ್ಮದಿಂದ ಹುಟ್ಟಿತು. ಒಂದು ಮಾತಿಗೂ ಸುಳ್ಳು ಅರ್ಥವನ್ನು ಹೇಳಬಾರದೆಂಬ ನಿಷ್ಠೆಯಲ್ಲಿ ಅದು ಪರಿಣಮಿಸಿತು. ಅನ್ಯರ ದೇವರ ಹೆಸರಿಗೂ ನ್ಯಾಯವಾದ ಅರ್ಥವನ್ನು ಬರೆಯುವುದು ಕೋಶಕಾರನ ಸತ್ಯ. ಆ ಸತ್ಯವನ್ನು ಪಾಲಿಸುವುದೇ ಅವರ ಆರಾಧನೆಯಾಯಿತು.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ೧೯೦೩ರಲ್ಲಿ ಅವರ ಕನ್ನಡ ವ್ಯಾಕರಣಗ್ರಂಥವು ಹೊರಬಂದಿತು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ದೇಹವನ್ನು ಬಿಟ್ಟರು. ಬೋಧಕನೆಂದು ನೋಡಿದರೆ ಅವರು ಬಿತ್ತಿದ್ದು ಹೆಚ್ಚು, ಕೊಯ್ದದ್ದು ಕಡಮೆ. ಆದರೆ ಕನ್ನಡದ ಕಣಜಕ್ಕೆ ಅವರು ತುಂಬಿಟ್ಟ ಧಾನ್ಯವು ಮತಭೇದವಿಲ್ಲದೆ ಎಲ್ಲರಿಗೂ ಅನ್ನವಾಗಿದೆ.