ಮುಖಚೂರ್ಣದ ಇತಿಹಾಸದಲ್ಲಿ ಒಂದು ಅಧ್ಯಾಯ

ಮೊನ್ನೆ ನಮ್ಮ ಮನೆಯಲ್ಲಿ ಮಗಳು ಹೊಸದೊಂದು ಪೌಡರನ್ನು ಪರೀಕ್ಷಿಸುತ್ತಿದ್ದಳು. ಹಣೆಗೆ ಮೆಲ್ಲನೆ ಒತ್ತಿದೊಡನೆ ಜಿಡ್ಡಿನ ಹೊಳಪು ಅಡಗಿತು. ಮುಖದ ಬಣ್ಣವಾದರೋ ಇದ್ದಂತೆಯೇ ಉಳಿಯಿತು. "ಹಚ್ಚಿದ್ದು ಕಾಣದಿದ್ದ ಮೇಲೆ ಪೌಡರೇಕಮ್ಮಾ?" ಎಂದು ಅವಳ ಅಜ್ಜಿ ನಕ್ಕರು. ಈ ಪ್ರಶ್ನೆಗೆ ತಕ್ಕ ಉತ್ತರವು ಜಪಾನಿನ ಇತಿಹಾಸದಲ್ಲಿ ದೊರೆಯುತ್ತದೆ.

ಆ ದೇಶದಲ್ಲಿ ಮುಖಕ್ಕೆ ಬಳಿಯುವ ಬಿಳಿಯ ಹುಡಿಗೆ 'ಒಶಿರೋಯಿ' ಎಂದು ಹೆಸರು. ಕ್ರಿ. ಶ. 692ರಲ್ಲಿ ಕಾಂಜೋ ಎಂಬ ಭಿಕ್ಷುವು ಸೀಸದಿಂದ ಬಿಳಿಯ ಹುಡಿಯನ್ನು ತಯಾರಿಸಿ ಜಿತೋ ಸಾಮ್ರಾಜ್ಞಿಗೆ ಅರ್ಪಿಸಿ ಬಹುಮಾನ ಪಡೆದನೆಂದು ಅಲ್ಲಿಯ ಪ್ರಾಚೀನ ಚರಿತ್ರಗ್ರಂಥವು ಹೇಳುತ್ತದೆ. ಸೀಸದ ಹುಡಿಯು ಚರ್ಮಕ್ಕೆ ಚೆನ್ನಾಗಿ ಅಂಟುವುದು, ಸಮನಾಗಿ ಹರಡುವುದು. ಆದುದರಿಂದಲೇ ಶತಮಾನಗಳವರೆಗೆ ಅದನ್ನು ಕೈಬಿಡಲು ಯಾರಿಗೂ ಮನಸ್ಸು ಬರಲಿಲ್ಲ.

1887ರಲ್ಲಿ ಮೇಜಿ ಚಕ್ರವರ್ತಿಯ ಸಮ್ಮುಖದಲ್ಲಿ ಕಬುಕಿ ನಾಟಕ ನಡೆಯಿತು. ಅದರಲ್ಲಿ ಅಭಿನಯಿಸುತ್ತಿದ್ದ ಪ್ರಸಿದ್ಧ ನಟ ನಾಕಾಮುರಾ ಫುಕುಸುಕೆಯ ಕಾಲು ನಡುಗತೊಡಗಿತು. ಅದು ಭಯದ ನಡುಕವಲ್ಲ, ನಿತ್ಯವೂ ಬಳಿದುಕೊಳ್ಳುತ್ತಿದ್ದ ಸೀಸದ ವಿಷವೆಂದು ಬಳಿಕ ತಿಳಿದುಬಂದಿತು. 1900ರಲ್ಲಿ ಸರ್ಕಾರವು ಪ್ರಸಾಧನಗಳಲ್ಲಿ ಸೀಸವನ್ನು ನಿಷೇಧಿಸಿತು. ಆದರೆ ಒಶಿರೋಯಿಗೆ ಮಾತ್ರ "ಸದ್ಯಕ್ಕೆ" ವಿನಾಯಿತಿಯಿತ್ತಿತು! 1904ರಲ್ಲಿ ಸೀಸವಿಲ್ಲದ 'ಮಿಸೊನೊ' ಎಂಬ ಹುಡಿ ಅಂಗಡಿಗೆ ಬಂದರೂ ಹಳೆಯದು ನಿಲ್ಲಲಿಲ್ಲ.

ಆ "ಸದ್ಯಕ್ಕೆ" ಎಂಬ ಮಾತಿನ ಬೆಲೆಯನ್ನು ತೆತ್ತವರು ಮಾತನಾಡಲರಿಯದ ಶಿಶುಗಳು. ಮೊಲೆಯುಣ್ಣುವ ಕೂಸುಗಳಿಗೆ ಮಿದುಳು ಪೊರೆಯ ಉರಿಯೂತದಂತಹ ರೋಗವೊಂದು ತಗಲುತ್ತಿತ್ತು, ಕಾರಣ ತಿಳಿದಿರಲಿಲ್ಲ. ತಾಯಂದಿರು ಹಚ್ಚಿಕೊಳ್ಳುವ ಹುಡಿಯ ಸೀಸವೇ ಅದಕ್ಕೆ ಕಾರಣವೆಂದು ಕ್ಯೋಟೋ ವಿಶ್ವವಿದ್ಯಾಲಯದ ಶಿಶುವೈದ್ಯ ಹಿರಾಯಿ ಇಕುತಾರೋ 1923ರಲ್ಲಿ ಪ್ರಕಟಿಸಿದರು. ಆದರೂ ಸೀಸದ ಒಶಿರೋಯಿ ಮಾರುಕಟ್ಟೆಯಿಂದ ಪೂರ್ಣವಾಗಿ ತೊಲಗಿದುದು 1935ರ ಹೊತ್ತಿಗೆ. ವಿಷವೆಂದು ಬಲ್ಲ ಮೇಲೆಯೂ ಸುಮಾರು ಐವತ್ತು ವರ್ಷಗಳು ಸಂದಿದ್ದವು.

ಮಗಳ ಕೈಯಲ್ಲಿದ್ದ ಪೌಡರಿನ ಉದ್ದೇಶವೇ ಬೇರೆ. ಚರ್ಮದ ಗ್ರಂಥಿಗಳಿಂದ ಒಸರುವ ಜಿಡ್ಡು ನುಣುಪಾದ ಪೊರೆಯಾಗಿ ನಿಂತು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಸಿಲಿಕಾ, ಮೆಕ್ಕೆಜೋಳದ ಪಿಷ್ಟ, ಬಳಪದ ಕಲ್ಲಿನ ಮುಖ್ಯಾಂಶವಾದ ಟಾಲ್ಕು ಮೊದಲಾದವುಗಳ ಸೂಕ್ಷ್ಮ ಕಣಗಳು ಆ ಜಿಡ್ಡನ್ನು ಹೀರಿ, ಬೆಳಕನ್ನು ನಾನಾ ದಿಕ್ಕಿಗೆ ಚೆದರಿಸುತ್ತವೆ. ಮುಚ್ಚುವ ಬಿಳುಪು ಇವುಗಳಲ್ಲಿ ಬಹಳ ಕಡಿಮೆಯಾದುದರಿಂದ ಚರ್ಮದ ಸಹಜವರ್ಣವು ಕಾಣುತ್ತಲೇ ಇರುತ್ತದೆ. ಇಲ್ಲಿಯೂ ಎಚ್ಚರ ಬೇಡವೆಂದಲ್ಲ: ಟಾಲ್ಕಿನ ಗಣಿಗಳಲ್ಲಿ ಕೆಲವೆಡೆ ಕಲ್ನಾರು ಬೆರೆತಿರುವುದುಂಟು, ಯಾವ ಹುಡಿಯೂ ಕೂಸಿನ ಉಸಿರಿಗೆ ಸೋಂಕಬಾರದು.

ಇಷ್ಟನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಣ್ಣ ಕಾಣುವುದೇ ಲೇಸು" ಎಂದರು. ತನ್ನ ಬಣ್ಣವನ್ನು ಮರೆಸಬೇಕೆಂಬ ಹಂಬಲವೇ ಸೀಸಕ್ಕೆ ಅಷ್ಟು ಆಯುಸ್ಸನ್ನು ಕೊಟ್ಟಿತೆಂಬುದನ್ನು ನಮ್ಮ ಮನೆಗಳವರೂ ನೆನೆಯುವುದು ಒಳ್ಳೆಯದು.